ಮೇಷ್ಟ್ರ ಕೈಗೆ ಬಂದ 500 ರೂಪಾಯಿ

ನಿಮ್ಮಲ್ಲಿ ಸರ್ಕಾರಿ ಶಾಲೇಲಿ ಓದಿದವರಿದ್ದರೆ, ಒಂದನೇ ಕ್ಲಾಸಿನ ಕೋಣೆ ಒಂದ್ಸಲ ನೆನಪು ಮಾಡ್ಕೊಳ್ಳಿ. ಗೋಡೆ ಮೇಲೆ ಕೈಯಲ್ಲಿ ಬರೆದ ಚಾರ್ಟು, ತಲೆ ಮೇಲೆ ದಾರಕ್ಕೆ ಜೋತುಬಿದ್ದ ಬಣ್ಣದ ಕಾರ್ಡು, ಮೂಲೆಯಲ್ಲಿ ಡಬ್ಬಿ ತುಂಬ ಹುಣಸೆ ಬೀಜ. ಅದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು?

ಇವತ್ತಿನ ಕತೆ ಆ ದುಡ್ಡಿನದು. ಶಾಲೆಗೆ ಅನುದಾನ ಅಂದ ತಕ್ಷಣ ನಾವು 'ಎಷ್ಟು' ಅಂತ ಕೇಳ್ತೀವಿ. ಆದರೆ 'ಯಾವ ಲೆಕ್ಕದಲ್ಲಿ' ಅನ್ನೋದೂ ಅಷ್ಟೇ ಮುಖ್ಯ. ಯಾಕಂದ್ರೆ ಯಾವ ಮಗು ತರಗತಿಯ ಒಳಗಿರಬೇಕು, ಯಾವುದು ಹೊರಗುಳಿಯಬೇಕು ಅನ್ನೋದನ್ನ ಎಷ್ಟೋ ಸಲ ಆ ಲೆಕ್ಕವೇ ತೀರ್ಮಾನ ಮಾಡಿದೆ.

ಶುರುವಿಂದ ಬರೋಣ. 1854ರಲ್ಲಿ ಚಾರ್ಲ್ಸ್ ವುಡ್ ಎಂಬ ಬ್ರಿಟಿಷ್ ಅಧಿಕಾರಸ್ಥ ಭಾರತದ ಶಿಕ್ಷಣದ ಬಗ್ಗೆ ಒಂದು ದೊಡ್ಡ ಆದೇಶಪತ್ರ ಕಳಿಸಿದ. 'ಅನುದಾನಿತ ಶಾಲೆ' ಅಂತ ನಾವು ಇವತ್ತಿಗೂ ಹೇಳ್ತೀವಲ್ಲ, ಆ ಪದ್ಧತಿಯ ಬೇರು ಅಲ್ಲಿದೆ. ಖಾಸಗಿಯವರು ಶಾಲೆ ನಡೆಸಲಿ, ಸರ್ಕಾರ ತಪಾಸಣೆ ಮಾಡಿ ಸಹಾಯಧನ ಕೊಡಲಿ ಅನ್ನೋದು ಅದರ ತಿರುಳು.

ಆಮೇಲೆ ಇಂಗ್ಲೆಂಡಿನಲ್ಲಿ 1862ರಲ್ಲಿ ಹೊಸ ನಿಯಮ ಬಂತು. ಇನ್‌ಸ್ಪೆಕ್ಟರ್ ಬಂದು ಮಕ್ಕಳಿಗೆ ಓದು, ಬರಹ, ಲೆಕ್ಕದ ಪರೀಕ್ಷೆ ಮಾಡ್ತಾನೆ; ಪಾಸಾದವರನ್ನ ನೋಡಿ ಶಾಲೆಗೆ ಹಣ. ಇದಕ್ಕೆ 'ಫಲಿತಾಂಶಕ್ಕೆ ತಕ್ಕ ಅನುದಾನ' ಅಂತ ಹೆಸರು. ಇದೇ ಪದ್ಧತಿ ಭಾರತಕ್ಕೂ ಬಂತು, ಮುಂಬೈ ಪ್ರಾಂತ್ಯಕ್ಕೂ ಬಂತು. ಆಗ ನಮ್ಮ ಧಾರವಾಡ, ಬೆಳಗಾವಿ ಇದ್ದದ್ದು ಆ ಪ್ರಾಂತ್ಯದಲ್ಲೇ.

ಈಗ ಆ ಕಾಲದ ಮೇಷ್ಟ್ರ ಜಾಗದಲ್ಲಿ ನಿಂತು ನೋಡಿ. ಸುಗ್ಗೀಲಿ ಹೊಲಕ್ಕೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸೋ ಹುಡುಗ, ಕಣ್ಣು ಸರಿಯಾಗಿ ಕಾಣದ ಹುಡುಗಿ, ಮನೇಲಿ ಅಕ್ಷರವೇ ಇಲ್ಲದ ಕುಟುಂಬದ ಮಗು: ಇವರೆಲ್ಲ ಲೆಕ್ಕದಲ್ಲಿ ನಷ್ಟ. ಪಾಠ ಅಂದ್ರೆ ಪರೀಕ್ಷೇಲಿ ಕೇಳೋದನ್ನ ಉರು ಹೊಡೆಸೋದು. ಹಾಡು, ಆಟ, ಚಿತ್ರಕ್ಕೆ ಕಾಸಿಲ್ಲ.

ಇದನ್ನ ಆಗಲೇ ಗುರುತಿಸಿದವರು ಜ್ಯೋತಿಬಾ ಫುಲೆ. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಅವರು, ಬಡವರ ನಡುವೆ ಶಿಕ್ಷಣ ಬೆಳೆಸೋಕೆ ಈ ಪದ್ಧತಿ ಹೊಂದಲ್ಲ ಅಂದರು. ರೈತರ ಬೆವರಿಂದ ಬಂದ ಕಂದಾಯ ಮೇಲ್ವರ್ಗದವರ ಓದಿಗೆ ಹೋಗ್ತಿದೆ ಅಂತಲೂ ಹೇಳಿದರು. ಆ ಪದ್ಧತಿ ಕೈಬಿಟ್ಟುಹೋಗೋಕೆ 20ನೇ ಶತಮಾನವೇ ಬರಬೇಕಾಯ್ತು.

ನೂರು ವರ್ಷ ಮುಂದಕ್ಕೆ ಬನ್ನಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಶುರುವಾಯ್ತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಪ್ಪುಹಲಗೆ, ಭೂಪಟ, ಗೋಳ, ಆಟಿಕೆ, ಪುಸ್ತಕ. ಒಳ್ಳೇ ಕೆಲಸವೇ. ಆದರೆ ಸಾಮಾನು ಮೇಲಿಂದ ಬಂತು, ಏನು ಬೇಕು ಅಂತ ಮೇಷ್ಟ್ರನ್ನ ಯಾರೂ ಕೇಳಲಿಲ್ಲ. ಒಡೆದರೆ, ಕಳೆದರೆ ಜವಾಬ್ದಾರಿ ಮಾತ್ರ ಅವರದು. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಆ ಗೋಳ, ಆ ಆಟಿಕೆ ಬೀರುವಿನಿಂದ ಹೊರಗೇ ಬರಲಿಲ್ಲ.

ಇನ್ನು ನಮ್ಮ 500 ರೂಪಾಯಿ. 1994ರಲ್ಲಿ ಡಿಪಿಇಪಿ, ಅಂದ್ರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಇದರಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ, ಶಾಲೆಗೆ 2,000 ರೂಪಾಯಿ. ಆ 500ರಲ್ಲಿ ಏನು ಮಾಡಬೇಕು ಅನ್ನೋದು ಮೇಷ್ಟ್ರಿಗೆ, ಟೀಚರಿಗೆ ಬಿಟ್ಟದ್ದು. ಡ್ರಾಯಿಂಗ್ ಶೀಟು, ಅಂಟು, ಬಣ್ಣ, ದಾರ ತರಬಹುದು. ಬೆಂಕಿಪೊಟ್ಟಣ, ಬೀಜ, ಬಳೆ ಚೂರು ಊರಲ್ಲೇ ಸಿಗುತ್ತೆ. ಮೊತ್ತ ಚಿಕ್ಕದು, ಆದರೆ ನಂಬಿಕೆ ದೊಡ್ಡದು.

ಅದೇ ಹೊತ್ತಿಗೆ, 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಹುಟ್ಟಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳಿಗೆ ಹೋಗಿ ನೋಡಿ ಬಂದು, ಹಾಡು, ಕಾರ್ಡು, ಕಲಿಕೆಯ ಮೆಟ್ಟಿಲು ಎಲ್ಲ ಸೇರಿಸಿ ತಮ್ಮದೇ ವಿಧಾನ ಕಟ್ಟಿದರು. ವಾರಗಟ್ಟಲೆ ತಪ್ಪಿಸಿಕೊಂಡ ಮಗು ವಾಪಸ್ ಬಂದರೆ, ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಫಲಿತಾಂಶದ ಅನುದಾನದ ಕಾಲದಲ್ಲಿ 'ನಷ್ಟ' ಆಗಿದ್ದ ಅದೇ ಹುಡುಗ! 2009-10ರಿಂದ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಲೆಕ್ಕ ಇನ್ನೊಂದು ಕಡೆಯೂ ತಿರುಗಿತು. 2001ರ ಸರ್ವ ಶಿಕ್ಷಣ ಅಭಿಯಾನದಲ್ಲಿ ಅಂಗವೈಕಲ್ಯ ಇರುವ ಪ್ರತಿ ಮಗುವಿಗೆ ವರ್ಷಕ್ಕೆ 1,200 ರೂಪಾಯಿವರೆಗೆ ತೆಗೆದಿಟ್ಟರು. ಆಮೇಲೆ ಅದು 3,000 ಆಯ್ತು; 2018ರ ಸಮಗ್ರ ಶಿಕ್ಷಣದಲ್ಲಿ 3,500. ಈ ಹಣ ಮಗುವಿನ ಕೈಗೆ ಕೊಡೋದಲ್ಲ. ಶ್ರವಣ ಸಾಧನ, ವೈದ್ಯಕೀಯ ಶಿಬಿರ, ಬ್ರೈಲ್ ಪುಸ್ತಕ, ಮನೆಗೇ ಹೋಗಿ ಕಲಿಸೋದು ಇಂಥವಕ್ಕೆ. ಹೆಚ್ಚು ಆಸರೆ ಬೇಕಾದ ಮಗುವಿಗೆ ಹೆಚ್ಚು ಹಣ ಅನ್ನೋದು 1862ರ ಲೆಕ್ಕಕ್ಕೆ ಪೂರಾ ಉಲ್ಟಾ.

ಹಾಗಂತ ಎಲ್ಲ ಸರಿಹೋಯ್ತಾ? ಇಲ್ಲ. 1994ರ 500 ರೂಪಾಯಿ ಸರ್ವ ಶಿಕ್ಷಣ ಅಭಿಯಾನದಲ್ಲೂ 500 ಆಗೇ ಉಳೀತು. ಬೆಲೆ ಮಾತ್ರ ಏರ್ತಾ ಹೋಯ್ತು. ಹಣ ಶಾಲೆ ತಲುಪೋ ಹೊತ್ತಿಗೆ ಎಷ್ಟೋ ಕಡೆ ಶೈಕ್ಷಣಿಕ ವರ್ಷವೇ ಮುಗೀತಾ ಬಂದಿರ್ತಿತ್ತು. ಮಾರ್ಚಲ್ಲಿ ಬಂದ ಹಣದಲ್ಲಿ ಜೂನ್‌ನ ಪಾಠಕ್ಕೆ ಕಾರ್ಡು ಮಾಡೋಕಾಗುತ್ತಾ? ಬಿಲ್ ತೋರಿಸೋಕೆ ಅಂಗಡಿಯ ರೆಡಿಮೇಡ್ ಚಾರ್ಟು ತಂದು ನೇತುಹಾಕಿದ್ದೂ ಉಂಟು.

ಈಗ ಬರೋದು 'ಸಂಯೋಜಿತ ಶಾಲಾ ಅನುದಾನ', ಮಕ್ಕಳ ತಲೆ ಲೆಕ್ಕದಲ್ಲಿ. ಸಮಗ್ರ ಶಿಕ್ಷಣದ ನಿಯಮದ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000, ಸಾವಿರ ದಾಟಿದರೆ 1 ಲಕ್ಷ. ಅದರಲ್ಲಿ ಶೇ 10 ಸ್ವಚ್ಛತೆಗೆ. ಚಿಕ್ಕ ಶಾಲೆಗೆ ಉಳಿಯೋದು 9,000, ತಿಂಗಳಿಗೆ 750. ಕರೆಂಟ್ ಬಿಲ್ಲು, ಸೀಮೆಸುಣ್ಣ, ರಿಜಿಸ್ಟರು, ಕೆಟ್ಟ ನಲ್ಲಿ ಎಲ್ಲಾ ಅದರಲ್ಲೇ. ಆಮೇಲೆ ಬಣ್ಣ, ನಾಟಕ, ಹಾಡಿಗೆ ಏನು ಉಳಿಯುತ್ತೆ, ನೀವೇ ಹೇಳಿ. ಮಕ್ಕಳು ಕಡಿಮೆ ಇದ್ದರೂ ಶಾಲೆಗೆ ಕರೆಂಟು, ನೀರು, ಶೌಚಾಲಯ ಬೇಕೇ ಬೇಕಲ್ವಾ? ಕುಗ್ರಾಮದ, ಹಾಡಿಯ ಮಕ್ಕಳು ಓದೋದು ಇಂಥ ಚಿಕ್ಕ ಶಾಲೆಗಳಲ್ಲೇ.

ಈ ಹಣದ ಖರ್ಚು ತೀರ್ಮಾನಿಸೋದ್ರಲ್ಲಿ ಎಸ್‌ಡಿಎಂಸಿಗೂ ಪಾಲಿದೆ. ಕರ್ನಾಟಕದಲ್ಲಿ ಈ ಸಮಿತಿಗಳು ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತೀಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆ-ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ನಿಮ್ಮ ಅಕ್ಕನೋ ಅತ್ತಿಗೆಯೋ ಅದರಲ್ಲಿದ್ದರೆ, ಈ ಸಲ ಊರಿಗೆ ಹೋದಾಗ ಕೇಳಿ: ಅನುದಾನ ಯಾವ ತಿಂಗಳು ಬಂತು, ಖರ್ಚು ತೀರ್ಮಾನ ಮಾಡಿದ್ದು ಯಾರು, ಅದರಿಂದ ಕೊನೇ ಬೆಂಚಿನ ಮಗುವಿಗೆ ಏನು ಸಿಕ್ಕಿತು.