ಗಾಲಿಯೊಳಗಿನ ಗಾಳಿಗೆ ಕಾವಲು



ಅಪರಾತ್ರಿಯಲ್ಲಿ, ಊರು ಇನ್ನೂ ಹತ್ತು ಮೈಲಿ ಇರುವಾಗ ಗಾಡಿಯ ಟೈರಿಗೆ ಮೊಳೆ ಹೊಕ್ಕರೆ ಆಗುವ ಪೇಚಾಟವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಗಾಳಿಯ ಮೇಲೆ ಸವಾರಿ ಮಾಡುವ ಸುಖಕ್ಕೆ ಮನುಷ್ಯನು ತೆರುತ್ತ ಬಂದ ಬೆಲೆ ಇದು.

ಈ ಸುಖಕ್ಕೆ ಮೊದಲು ದಾರಿ ತೋರಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ೧೮೪೫ರಲ್ಲಿಯೇ ಅವನು ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟು ಪಡೆದನು. ಆಗ ಮೋಟಾರು ಹುಟ್ಟಿರಲಿಲ್ಲ. ಲೋಕ ಅವನನ್ನು ಮರೆಯಿತು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದು, ೧೮೮೮ರಲ್ಲಿ ಪೇಟೆಂಟು ಪಡೆದನು. ಎರಡು ವರ್ಷಗಳ ತರುವಾಯ ಥಾಮ್ಸನ್ನನ ಹಳೆಯ ಪೇಟೆಂಟಿನ ಕಾರಣದಿಂದ ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು.

ಗಾಳಿ ಬಂತು, ಅದರೊಡನೆ ಮೊಳೆಯ ಭಯವೂ ಬಂತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಪೆಟ್ರೋಲು ತೊಟ್ಟಿಗೆ ಹಸಿ ರಬ್ಬರಿನ ಪದರ ಹೊದಿಸುತ್ತಿದ್ದರು. ಗುಂಡು ತೂರಿದಾಗ ಪೆಟ್ರೋಲು ತಗುಲಿ ರಬ್ಬರು ಉಬ್ಬಿ ತೂತನ್ನು ಮುಚ್ಚುತ್ತಿತ್ತು. ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುವ ಟೈರಿನ ಗುರಿಯೂ ಇದೇ. ಉಪಾಯ ಮಾತ್ರ ಬೇರೆ. ಅಮೆರಿಕದ ಗುಡ್‌ರಿಚ್ ಕಂಪನಿಯು ೧೯೫೨ರಲ್ಲಿ ಟ್ಯೂಬಿಲ್ಲದ ಟೈರಿಗೆ ಪೇಟೆಂಟು ಪಡೆದಿತ್ತು. ಅಂಥ ಟೈರಿನ ಒಳಮೈಗೆ, ನೆಲಕ್ಕೆ ತಾಗುವ ಭಾಗದ ಹಿಂದೆ, ಜಿಗುಟಾದ ಪದರವೊಂದನ್ನು ಬಳಿಯುತ್ತಾರೆ. ಮೊಳೆ ಹೊಕ್ಕರೆ ಜಿಗುಟು ಅದನ್ನು ಸುತ್ತಿಕೊಳ್ಳುತ್ತದೆ. ಮೊಳೆ ಕಿತ್ತರೆ ಒಳಗಿನ ಗಾಳಿಯ ಒತ್ತಡವೇ ಜಿಗುಟನ್ನು ತೂತಿನೊಳಕ್ಕೆ ತಳ್ಳುತ್ತದೆ. ಬಿಸಿಲಿಗೆ ಹರಿಯಬಾರದು, ಚಳಿಗೆ ಗಟ್ಟಿಯಾಗಬಾರದು. ಕಷ್ಟವಿದ್ದದ್ದು ಈ ಹದದಲ್ಲಿ. ೨೦೦೮ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರೊಂದು ಇಂಥ ಟೈರಿನೊಡನೆ ಮಾರಾಟಕ್ಕೆ ಬಂತು. ೫ ಮಿಲಿಮೀಟರಿನವರೆಗಿನ ತೂತನ್ನು ಅದು ಮುಚ್ಚಬಲ್ಲುದು.

ಕೆಲವು ಟೈರುಗಳೊಳಗೆ ಸ್ಪಂಜಿನ ಪಟ್ಟಿಯೂ ಇರುತ್ತದೆ. ಅದು ತೂತಿಗಲ್ಲ, ಸದ್ದಿಗೆ. ರಸ್ತೆಯ ಕುಲುಕಿಗೆ ಟೈರಿನೊಳಗಿನ ಗಾಳಿಯು ಘಟದಂತೆ ಮೊರೆಯುತ್ತದೆ. ಕ್ಷಣಕ್ಕೆ ಸುಮಾರು ೨೦೦ ಕಂಪನ. ಸ್ಪಂಜಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿ ಆ ಕಂಪನ ತಗ್ಗುತ್ತದೆ. ರೇಡಿಯೋ ನಿಲಯದ ಗೋಡೆಗೆ ಮೆತ್ತನೆಯ ಹೊದಿಕೆ ಹಾಕುವುದೂ ಇದೇ ತತ್ತ್ವದಿಂದ.

ಆದರೆ ಒಂದು ಮಾತು. ಟೈರಿನ ಪಕ್ಕದ ಗೋಡೆ ಸೀಳಿದರೆ ಈ ಜಿಗುಟು ನೆರವಿಗೆ ಬಾರದು. ಗಾಳಿ ಸೋರದಿರುವುದರಿಂದಲೇ, ಹೊಕ್ಕ ಮೊಳೆ ನಿಮಗೆ ತಿಳಿಯದೆಯೂ ಉಳಿದೀತು. ಆದ್ದರಿಂದ ಟೈರನ್ನು ಕಣ್ಣಿನಿಂದ ನೋಡುವುದನ್ನೂ, ಗಾಳಿ ಅಳೆಸುವುದನ್ನೂ ಬಿಡಬೇಡಿ. ಕಾವಲುಗಾರನಿದ್ದಾನೆಂದು ಬಾಗಿಲು ತೆರೆದಿಟ್ಟು ಮಲಗುವವರುಂಟೆ?