ದಂಡಿಗೆ ಹೋದವರ ಹೆಸರು

೧೯೫೬ನೆಯ ಇಸವಿ ನವೆಂಬರ್ ಒಂದರಂದು, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತೆಂದು ನಾವು ವರ್ಷವರ್ಷವೂ ಈ ಸಂಚಿಕೆಯಲ್ಲಿ ಸಂತೋಷದಿಂದ ನೆನೆಯುತ್ತೇವೆ. (ಪೂರ್ತಿಯಾಗಿ ಒಂದಾಗಲಿಲ್ಲವೆಂಬ ಕೊರಗು ಬೇರೆಯ ಮಾತು.) ಆದರೆ ಅಂದು ಒಂದಾಗದೆ ಉಳಿದ ಆಸ್ತಿಯೊಂದುಂಟು. ಎರಡು ಮಹಾಯುದ್ಧಗಳಲ್ಲಿ ದಂಡಿಗೆ ಹೋದ ಕನ್ನಡಿಗರ ಕಾಗದಪತ್ರಗಳು ಇಂದಿಗೂ ಹಳೆಯ ನಕಾಶೆಯಲ್ಲಿಯೇ ಬಾಳುತ್ತಿವೆ. ಮುಂಬಯಿ ಪ್ರಾಂತದವನ ಕಾಗದ ಒಂದು ಕಡೆ, ಮದ್ರಾಸ್ ಪ್ರಾಂತದವನದು ಮತ್ತೊಂದು ಕಡೆ. ಮೈಸೂರು ಸಂಸ್ಥಾನದವನದು ಬೇರೆ, ನಿಜಾಮನ ಸೀಮೆಯವನದು ಇನ್ನೂ ಬೇರೆ. ಇವೆಲ್ಲದರಲ್ಲಿಯೂ ‘ಕನ್ನಡಿಗ’ ಎಂಬ ಕಲಮೇ ಇಲ್ಲ. ಜಾತಿ, ಊರು, ತಂದೆಯ ಹೆಸರು ಬರೆದುಕೊಂಡ ಗುಮಾಸ್ತನಿಗೆ ಮನೆಯ ಮಾತು ಯಾವುದೆಂಬುದು ಬೇಕಾಗಿರಲಿಲ್ಲ.

ಕುರ್ಲಾದ ನಮ್ಮ ಬಳಗಕ್ಕೆ ಈ ವಿಷಯ ದೂರದ್ದಲ್ಲ. ಸ್ವದೇಶಿ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಕೆಲಸ ಹುಡುಕಿಕೊಂಡು ಬಂದ ಮನೆಗಳು ಇಲ್ಲಿವೆ. ರೈಲ್ವೆಯ ಕಾರ್‌ಶೆಡ್ಡಿಗೆ, ಮೋಟಾರು ಕಾರ್ಖಾನೆಗೆ, ಹೋಟೆಲುಗಳಿಗೆ ಬಂದವರ ಮನೆಗಳೂ ಇವೆ. ಬೆಳಗಾವಿ, ವಿಜಾಪುರ, ಕಲಬುರ್ಗಿ, ದಕ್ಷಿಣ ಕನ್ನಡ ಎಲ್ಲ ಕಡೆಯವರೂ ಉಂಟು. ಚಾಳಿನ ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಇಳಿಸಿ ನೋಡಿದರೆ, ಹತ್ತು ಮನೆಗಳಲ್ಲಿ ಒಂದರಲ್ಲಾದರೂ ಒಂದು ಪದಕವೋ, ಸಮವಸ್ತ್ರದ ಮಾಸಿದ ಭಾವಚಿತ್ರವೋ, ಮಡಿಕೆಗಳಲ್ಲಿ ಹರಿದ ಡಿಸ್ಚಾರ್ಜ್ ಸರ್ಟಿಫಿಕೇಟೋ ಸಿಕ್ಕಬಹುದೆಂದು ನಮ್ಮ ಎಣಿಕೆ. ಮೊದಲನೆಯ ಯುದ್ಧಕ್ಕೆ ಈ ದೇಶದಿಂದ ಹದಿಮೂರು ಲಕ್ಷಕ್ಕಿಂತ ಹೆಚ್ಚು ಜನ ಹೋದರು. ಎರಡನೆಯದರಲ್ಲಿ ಸೈನ್ಯ ಸುಮಾರು ಇಪ್ಪತ್ತೈದು ಲಕ್ಷಕ್ಕೆ ಏರಿತು. ಅಷ್ಟು ಜನರಲ್ಲಿ ನಮ್ಮವರಿರದೆ ಇರುತ್ತಾರೆಯೆ?

ನಮ್ಮ ಮನೆಯಲ್ಲಿಯೂ ಒಂದು ಪದಕವಿದೆ. ಅದು ನಮ್ಮ ಅಜ್ಜನ ಅಣ್ಣನದು. ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ಮೊದಲನೆಯ ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಪದಕ ಬಂದಿತು, ಕಾಗದ ಬರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಎಲ್ಲಿ ಸತ್ತರು, ಎಂದು ಸತ್ತರು ಎಂಬುದು ತಿಳಿಯದ ಕಾರಣ ಅವರ ಹೆಂಡತಿ ಬಹಳ ವರ್ಷ ಕುಂಕುಮ ಅಳಿಸಲಿಲ್ಲವಂತೆ. ತಿಥಿ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆಯೇ ಗತಿಯಷ್ಟೆ. ನಮ್ಮಲ್ಲಿ ಅವರಿಗೆ ಅಂದೇ ಎಡೆ ಇಡುತ್ತ ಬಂದರು. ನಾವು ಹುಡುಕಲು ಹೊರಟದ್ದು ಆ ಒಂದು ದಿನಾಂಕವನ್ನು. ಹುಡುಕುವ ದಾರಿಯಲ್ಲಿ ತಿಳಿದುಬಂದದ್ದು ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಇಂಥ ಮಾತೆತ್ತಿದ ಕೂಡಲೇ ಜನ ‘ಅದೆಲ್ಲ ಲಂಡನ್ನಿನಲ್ಲಿರುತ್ತದೆ’ ಎನ್ನುತ್ತಾರೆ. ಆ ಮಾತನ್ನು ನಂಬಿ ಕೂತರೆ ಕೆಲಸ ಕೆಟ್ಟಂತೆಯೇ. ಬ್ರಿಟಿಷ್ ಸಿಪಾಯಿಗಳ ಮೊದಲನೆಯ ಯುದ್ಧದ ಕಡತಗಳು ಲಂಡನ್ನಿನಲ್ಲಿದ್ದುದು ನಿಜ. ೧೯೪೦ರ ಬಾಂಬು ದಾಳಿಯಲ್ಲಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದದ್ದೂ ನಿಜ. ನಮ್ಮ ಸಿಪಾಯಿಗಳ ಕಡತ ಅಲ್ಲಿಗೆ ಹೋದದ್ದೇ ಇಲ್ಲ. ಇಂಡಿಯಾ ಆಫೀಸಿನ ಕಾಗದಗಳಲ್ಲಿ ಅಧಿಕಾರಿಗಳ ಸಂಗತಿ ಬೇಕಾದಷ್ಟು ಸಿಕ್ಕುತ್ತದೆ. ಸಾಧಾರಣ ಜವಾನನ ಕಾಗದ ಅವನ ಪಲ್ಟಣದ ಬಳಿಯೇ ಉಳಿಯಿತು. ಇನ್ನು ಕೆಲವರು ಕೋಟೆಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಸರಕಾರಿ ಪುರಾಭಿಲೇಖಾಗಾರವನ್ನು ತೋರಿಸುತ್ತಾರೆ. ಚರಿತ್ರೆ ಓದುವವರಿಗೆ ಅದು ದೊಡ್ಡ ಭಂಡಾರವೇ ಸರಿ. ಆದರೆ ೧೮೯೫ರಲ್ಲಿ ಮುಂಬಯಿ, ಮದ್ರಾಸ್, ಬಂಗಾಳ ಪ್ರಾಂತಗಳ ಪ್ರತ್ಯೇಕ ಸೈನ್ಯಗಳನ್ನು ಒಂದು ಮಾಡಿದ ಮೇಲೆ ಸಿಪಾಯಿಯ ಲೆಕ್ಕ ಮುಂಬಯಿ ಸರಕಾರದ ಕೈಬಿಟ್ಟಿತು. ೧೯೧೪ರ ಯುದ್ಧಕ್ಕೆ ಹೋದವನ ಸೇವಾಪತ್ರವನ್ನು ಅಲ್ಲಿ ಅರಸುವುದು ವ್ಯರ್ಥ.

ಆದುದರಿಂದ ಪದಕದಿಂದಲೇ ಆರಂಭಿಸಬೇಕು. ಮೊದಲನೆಯ ಯುದ್ಧದ ಬೆಳ್ಳಿ ಪದಕದ ಮುಖವನ್ನು ಎಲ್ಲರೂ ನೋಡುತ್ತಾರೆ, ಅಂಚನ್ನು ಯಾರೂ ನೋಡುವುದಿಲ್ಲ. ನಂಬರು, ಹುದ್ದೆ, ಹೆಸರು, ಪಲ್ಟಣ ಈ ನಾಲ್ಕೂ ಇರುವುದು ಅಂಚಿನಲ್ಲಿ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಅಕ್ಷರದಲ್ಲಿ. ಅದೇ ಪದಕ ಕಂಚಿನದಾಗಿದ್ದರೆ ಹೋದವನು ಬಂದೂಕು ಹಿಡಿಯಲಿಲ್ಲ, ಕೂಲಿ ದಳದಲ್ಲಿಯೋ ಅಂಥದೇ ಚಾಕರಿಯಲ್ಲಿಯೋ ಇದ್ದನೆಂದು ತಿಳಿಯಬೇಕು. ಎರಡನೆಯ ಯುದ್ಧದ ಪದಕಗಳಲ್ಲಿ ಒಂದು ವಿಚಿತ್ರವುಂಟು: ಬ್ರಿಟಿಷ್ ಸರಕಾರ ತನ್ನ ಸಿಪಾಯಿಗಳಿಗೆ ಹೆಸರು ಕೊರೆಯದ ಬರಿಯ ಪದಕ ಕೊಟ್ಟಿತು, ಭಾರತದ ಸಿಪಾಯಿಗಳ ಪದಕಗಳಿಗೆ ಹೆಸರು ಬಿದ್ದಿತು. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಎಂಬ ನಕ್ಷತ್ರಗಳಿದ್ದರಂತೂ ಯಾವ ರಣರಂಗಕ್ಕೆ ಹೋಗಿದ್ದನೆಂಬುದು ಅಲ್ಲಿಯೇ ಹೊರಬಿತ್ತು. ತಾಯಂದಿರಲ್ಲಿ ನಮ್ಮದೊಂದು ವಿನಂತಿ: ದೀಪಾವಳಿಗೆ ಪಾತ್ರೆಗಳ ಜೊತೆ ಪದಕಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ತಿಕ್ಕಿದಷ್ಟೂ ಹೊಳಪು ಬರುತ್ತದೆ, ಹೆಸರು ಹೋಗುತ್ತದೆ.

ಬರಿಯ ನಂಬರಿನಿಂದಲೂ ಸಾಲದು. ಒಂದೊಂದು ಪಲ್ಟಣಕ್ಕೂ ತನ್ನದೇ ಎಣಿಕೆ. ಒಂದೇ ನಂಬರಿನವರು ಹಲವು ಪಲ್ಟಣಗಳಲ್ಲಿ ಇರುತ್ತಿದ್ದರು. ನಮ್ಮ ಪದಕದ ಅಂಚಿನಲ್ಲಿದ್ದ ಪಲ್ಟಣ ನೂರ ಹತ್ತನೆಯ ಮರಾಠಾ. ಹೆಸರು ಕೇಳಿ ಇದು ನಮ್ಮದಲ್ಲವೆಂದು ಬಿಟ್ಟವರುಂಟು. ಬೆಳಗಾವಿ, ಧಾರವಾಡ ಕಡೆಯ ಮರಾಠಾ ಮನೆತನಗಳಲ್ಲಿ ಒಲೆಯ ಮುಂದೆ ಕನ್ನಡವಾಡುವವು ಎಷ್ಟಿಲ್ಲ! ೧೯೨೨ರಲ್ಲಿ ಈ ನಂಬರುಗಳನ್ನೆಲ್ಲ ಅಳಿಸಿ, ಹಳೆಯ ಮರಾಠಾ ಪಲ್ಟಣಗಳನ್ನು ಐದನೆಯ ಮರಾಠಾ ಲಘು ಪದಾತಿ ಎಂಬ ಒಂದೇ ರೆಜಿಮೆಂಟಿನಲ್ಲಿ ಕೂಡಿಸಿದರು. ಇಂದು ಅದರ ಕೇಂದ್ರವಿರುವುದು ನಮ್ಮ ಬೆಳಗಾವಿಯಲ್ಲಿಯೇ.

ನೂರ ಹತ್ತನೆಯ ಪಲ್ಟಣದ ಕಥೆ ಕೂತ್ ಎಂಬ ಊರಿನದು. ಇರಾಕಿನಲ್ಲಿ ಟೈಗ್ರಿಸ್ ನದಿಯ ತಿರುವಿನಲ್ಲಿದೆ ಆ ಊರು. ಬಾಗ್ದಾದನ್ನು ಹಿಡಿಯಲು ಹೊರಟ ಸೈನ್ಯ ೧೯೧೫ರ ನವೆಂಬರಿನಲ್ಲಿ ಟೆಸಿಫಾನಿನ ಬಳಿ ತಡೆಯಲ್ಪಟ್ಟು ಹಿಂದೆ ಸರಿದು ಕೂತ್ ಸೇರಿತು. ಡಿಸೆಂಬರ್ ಏಳರಿಂದ ತುರ್ಕರು ಮುತ್ತಿಗೆ ಹಾಕಿದರು. ಒಳಗೆ ಮರಾಠಾ ಪಲ್ಟಣಗಳೇ ಮೂರಿದ್ದವು: ನೂರ ಮೂರು, ನೂರ ಹತ್ತು, ನೂರ ಹದಿನೇಳು. ಸುಮಾರು ಐದು ತಿಂಗಳು ಮುತ್ತಿಗೆ ನಡೆಯಿತು. ಹಿಟ್ಟು ದಿನದಿನಕ್ಕೆ ಇಳಿಯಿತು. ಕುದುರೆಗಳನ್ನು ಕಡಿದು ಪಡಿ ಹಂಚಿದರು. ಧರ್ಮಕ್ಕೆ ಅಂಜಿ ಅದನ್ನು ಮುಟ್ಟದ ನಮ್ಮವರು ಬಾಡಿಹೋದರು. ೧೯೧೬ರ ಏಪ್ರಿಲ್ ೨೯ರಂದು ಶರಣಾಗತಿ. ಸೆರೆಯಾದವರು ಸುಮಾರು ಹದಿಮೂರು ಸಾವಿರ. ಬೇಸಗೆಯ ಮರಳುಗಾಡಿನಲ್ಲಿ ಅವರನ್ನು ನಡೆಸಿಕೊಂಡು ಹೋದರು. ಭಾರತೀಯರಲ್ಲಿ ಬಹುಮಂದಿಯನ್ನು ರಾಸ್ ಅಲ್ ಐನ್ ಎಂಬಲ್ಲಿ ರೈಲುದಾರಿಯ ಕೆಲಸಕ್ಕೆ ಹಚ್ಚಿದರು. ಅಲ್ಲಿ ಸತ್ತವರ ಸುದ್ದಿ ಖಾನಾಪುರದ, ಚಿಕ್ಕೋಡಿಯ ಹಳ್ಳಿಗೆ ಹೇಗೆ ಬಂದೀತು?

ಇಲ್ಲಿ ಒಂದು ವಿಪರೀತವಿದೆ: ಬದುಕಿ ಬಂದವನಿಗಿಂತ ಸತ್ತವನನ್ನು ಹುಡುಕುವುದು ಸುಲಭ. ೧೯೧೭ರಲ್ಲಿ ಸ್ಥಾಪನೆಯಾದ, ಇಂದು ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗವೆಂದು ಹೆಸರಾದ ಸಂಸ್ಥೆ ಎರಡು ಯುದ್ಧಗಳಲ್ಲಿ ಮಡಿದವರ ಪಟ್ಟಿಯನ್ನು ಇಟ್ಟಿದೆ. ಅಂತರ್ಜಾಲದಲ್ಲಿ ಮನೆಯಲ್ಲಿ ಕುಳಿತೇ ಅದನ್ನು ನೋಡಬಹುದು. ಸಮಾಧಿ ಸಿಗದವರ ಹೆಸರುಗಳನ್ನು ಯುದ್ಧ ನಡೆದ ಸೀಮೆಯ ಸ್ಮಾರಕಗಳಿಗೆ ಹಚ್ಚಿದ್ದಾರೆ. ಇರಾಕಿನವರಿಗೆ ೧೯೨೯ರಲ್ಲಿ ತೆರೆದ ಬಸ್ರಾ ಸ್ಮಾರಕ. ಅಲ್ಲಿ ನೆನೆಯಲ್ಪಡುವವರು ನಲವತ್ತು ಸಾವಿರಕ್ಕೂ ಮಿಕ್ಕು. ಆದರೆ ಕಟ್ಟಿದಾಗ ಮಾಡಿದ ಭೇದವನ್ನು ಹೇಳದಿರಲಾಗದು. ಬ್ರಿಟಿಷ್ ಸಿಪಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನು ಮಾತ್ರ ಕೊರೆದು, ಸಿಪಾಯಿಗಳನ್ನು ಪಲ್ಟಣದ ಹೆಸರಿನ ಕೆಳಗೆ ‘ಇನ್ನಿಷ್ಟು ಮಂದಿ’ ಎಂದು ಸಂಖ್ಯೆಯಲ್ಲಿ ಮುಗಿಸಿದರು. ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿ ನೆಟ್ಟ ಸಂಗಮರವರಿ ಕಲ್ಲುಗಳಲ್ಲಿಯೂ ಇದೇ ರೀತಿ: ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು. ಲೆಕ್ಕವುಂಟು, ಹೆಸರಿಲ್ಲ. ೨೦೨೧ರಲ್ಲಿ ಆಯೋಗವೇ ತನ್ನ ವರದಿಯಲ್ಲಿ ಈ ಅನ್ಯಾಯವನ್ನು ಒಪ್ಪಿಕೊಂಡಿತು. ಭಾರತ ಮತ್ತು ಆಫ್ರಿಕಾ ಖಂಡದವರಲ್ಲಿ ೪೫,೦೦೦ದಿಂದ ೫೪,೦೦೦ ಜನರಿಗೆ ಸಮಾನ ಗೌರವ ದೊರೆಯಲಿಲ್ಲ. ಕನಿಷ್ಠ ೧,೧೬,೦೦೦ ಜನರ ಹೆಸರೇ ದಾಖಲಾಗಲಿಲ್ಲ, ಇವರು ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟಿನವರು. ನೂರು ವರ್ಷದ ಮೇಲೆ ಬಂದ ಈ ಒಪ್ಪಿಗೆಯನ್ನು ಕೊಂಡಾಡಬೇಕೋ ಹಳಿಯಬೇಕೋ ಓದುಗರೇ ನಿರ್ಧರಿಸಲಿ.

ಪಟ್ಟಿಯಲ್ಲಿ ಹುಡುಕುವಾಗ ಹೆಸರಿನ ಕಾಟ ದೊಡ್ಡದು. ಕನ್ನಡದ ಹೆಸರನ್ನು ಮರಾಠಿ ಕಿವಿಯಿಂದ ಕೇಳಿ ಇಂಗ್ಲಿಷಿನಲ್ಲಿ ಬರೆದರೆ ಏನಾದೀತು? ಯಲ್ಲಪ್ಪ ‘ಯೆಲಪಾ’ ಆಗುತ್ತಾನೆ, ಭೀಮಪ್ಪ ಬರಿಯ ‘ಭೀಮಾ’ ಆಗುತ್ತಾನೆ, ಅಡ್ಡಹೆಸರು ಎಲ್ಲಿಯೋ ಹಾರಿಹೋಗುತ್ತದೆ. ತಾಲ್ಲೂಕುಗಳೂ ಹಳೆಯವು: ಸವದತ್ತಿಯವನ ಮುಂದೆ ಪರಸಗಡ ಎಂದಿರುತ್ತದೆ, ಬೈಲಹೊಂಗಲದವನ ಮುಂದೆ ಸಂಪಗಾಂವ. ಜಮಖಂಡಿ, ಮುಧೋಳದವರಿಗೆ ಜಿಲ್ಲೆಯ ಬದಲು ಸಂಸ್ಥಾನದ ಹೆಸರಿರಬಹುದು. ತಂದೆಯ ಹೆಸರು ಮತ್ತು ಹಳ್ಳಿ ಎರಡೂ ಹೊಂದಿದರೆ ಮಾತ್ರ ನಮ್ಮವನೆಂದು ನಂಬಬೇಕು.

ಬದುಕಿ ಬಂದವನ ಸಂಗತಿಗೆ ಅವನ ರೆಜಿಮೆಂಟಿನ ರಿಕಾರ್ಡು ಆಫೀಸಿಗೇ ಬರೆಯಬೇಕು: ಮರಾಠಾದವನಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್ ದಳದವನಿಗೆ ಬೆಂಗಳೂರು, ಬಾಂಬೆ ಸ್ಯಾಪರ್ಸ್ ದಳದವನಿಗೆ ಪುಣೆಯ ಖಡಕಿ. ಅರ್ಜಿಯಲ್ಲಿ ನಂಬರು, ಹೆಸರು, ಊರು, ಸೇರಿದ ಹಾಗೂ ಬಿಟ್ಟ ವರ್ಷ, ನಿಮ್ಮ ಸಂಬಂಧ ಇವನ್ನು ತಿಳಿಸಿದರೆ ಸಾಕು. ಪೆನ್ಶನ್ ಪಡೆದವರ ಕಡತ ಉಳಿದಿರುವ ಸಂಭವ ಹೆಚ್ಚು. ಪೆನ್ಶನ್ ಇಲ್ಲದೆ ಬಿಡುಗಡೆಯಾದವರ ಕಾಗದಗಳನ್ನು ಇಪ್ಪತ್ತೈದು ವರ್ಷದ ಮೇಲೆ ನಾಶಮಾಡುವ ನಿಯಮವಿದೆ. ಎರಡನೆಯ ಯುದ್ಧಕ್ಕೆಂದೇ ಸೇರಿ, ಅದು ಮುಗಿದೊಡನೆ ಮನೆಗೆ ಕಳಿಸಲ್ಪಟ್ಟ ನಮ್ಮ ಬಹುಮಂದಿ ಹಿರಿಯರು ಈ ಗುಂಪಿನವರು. ಆದರೂ ನಿರಾಶರಾಗಬೇಕಾಗಿಲ್ಲ. ‘ಲಾಂಗ್ ರೋಲ್’ ಎಂಬ ಉದ್ದನೆಯ ಪುಸ್ತಕದಲ್ಲಿ ಒಂದೆರಡು ಸಾಲು ಉಳಿದಿರುವುದುಂಟು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸುವುದನ್ನೂ ಮರೆಯಬಾರದು.

ಬೇರೆ ಸೀಮೆಯವರ ಮಾತು. ಮದ್ರಾಸಿನ ಹಳೆಯ ಪದಾತಿ ಪಲ್ಟಣಗಳಲ್ಲಿ ಕೆಲವಕ್ಕೆ ‘ಕರ್ನಾಟಿಕ್’ ಎಂಬ ಹೆಸರಿತ್ತು; ಅದನ್ನು ಕಂಡು ನಮ್ಮ ಕರ್ನಾಟಕವೆಂದು ಹಿಗ್ಗಬಾರದು. ಇಂಗ್ಲಿಷರು ಆ ಹೆಸರಿನಿಂದ ಕರೆದದ್ದು ಆರ್ಕಾಟಿನ ನವಾಬನ ತಮಿಳು ಬಯಲನ್ನು. ೧೯೨೦ರ ದಶಕದಲ್ಲಿ ಆ ಪಲ್ಟಣಗಳನ್ನು ಮುರಿದರು. ಇಂದಿನ ಮದ್ರಾಸ್ ರೆಜಿಮೆಂಟನ್ನು ಎರಡನೆಯ ಯುದ್ಧದ ಕಾಲಕ್ಕೆ ಮತ್ತೆ ಎಬ್ಬಿಸಿದರು. ನಡುವೆ ಕಡಿದ ಕೊಂಡಿಯಿಂದ ಮೊದಲನೆಯ ಯುದ್ಧದವನ ಕಾಗದ ಹುಡುಕುವುದು ಕಷ್ಟ. ಮೈಸೂರು ಲಾನ್ಸರ್ಸ್ ಅಶ್ವದಳ ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದದ್ದು ಪ್ರಸಿದ್ಧ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು, ಮತ್ತೊಬ್ಬ ಹೈದರಾಬಾದಿನವನು. ಇದು ಸಂಸ್ಥಾನದ ಸೈನ್ಯವಾದುದರಿಂದ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರಕಾರದ ಕಡತಗಳನ್ನು ನೋಡಬೇಕು. ಅದೇ ಸಂಸ್ಥಾನದ ಪದಾತಿ ಪಲ್ಟಣವೊಂದು ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರದಲ್ಲಿ ಸೆರೆಯಾಯಿತೆಂಬುದು ಹೈಫಾದಷ್ಟು ಪ್ರಸಿದ್ಧವಲ್ಲ. ಗೆದ್ದದ್ದನ್ನು ನೆನೆಯುವಷ್ಟು ಸುಲಭವಾಗಿ ಸೆರೆವಾಸವನ್ನು ಯಾರು ನೆನೆಯುತ್ತಾರೆ?

ಹಡಗಿನಲ್ಲಿ ಹೋದವರಿಗಾಗಿ ದೂರ ಹೋಗಬೇಕಾಗಿಲ್ಲ. ಕುರ್ಲಾದಿಂದ ಲೋಕಲ್ ಹತ್ತಿ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರದಲ್ಲಿಯೇ ನಾವಿಕರ ಗೃಹವಿದೆ. ಮೊದಲನೆಯ ಯುದ್ಧದಲ್ಲಿ ಸಮುದ್ರದ ಪಾಲಾದ ಎರಡು ಸಾವಿರಕ್ಕೂ ಮಿಕ್ಕ ನಾವಿಕರ ಸ್ಮಾರಕ ಅಲ್ಲಿದೆ; ಎರಡನೆಯ ಯುದ್ಧದವರ ಹೆಸರಿನ ಪುಸ್ತಕವೂ ಅಲ್ಲಿಯೇ. ಕರಾವಳಿಯ ಬಂಧುಗಳು ಒಮ್ಮೆ ಹೋಗಿ ನೋಡಬೇಕು.

ಪಂಜಾಬಿನವರ ಭಾಗ್ಯವೇ ಬೇರೆ. ಅಲ್ಲಿಯ ಸರಕಾರ ಯುದ್ಧ ಮುಗಿದೊಡನೆ ಹಳ್ಳಿಹಳ್ಳಿಯ ಪಟ್ಟಿ ಮಾಡಿಸಿತು. ಸುಮಾರು ಮೂರು ಲಕ್ಷ ಇಪ್ಪತ್ತು ಸಾವಿರ ಜನರ ಆ ಪಟ್ಟಿ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಕಾಣದಂತೆ ಕುಳಿತಿದ್ದು, ೨೦೨೧ರಿಂದ ಜನರಿಗೆ ದೊರೆಯುತ್ತಿದೆ. ಕನ್ನಡ ಜಿಲ್ಲೆಗಳದು ಇಂಥದೊಂದನ್ನು ನಾವು ಕಂಡಿಲ್ಲ. ಮನೆಮನೆಯ ಟ್ರಂಕುಗಳನ್ನು ಸೇರಿಸಿಯೇ ಅದನ್ನು ಕಟ್ಟಬೇಕು.

ನಮ್ಮ ಅಜ್ಜನ ಅಣ್ಣನ ಹೆಸರು ಆಯೋಗದ ಪಟ್ಟಿಯಲ್ಲಿ ಸಿಕ್ಕಿತು. ಅಕ್ಷರ ತಪ್ಪಿತ್ತು, ನಂಬರು ಪದಕದ್ದೇ, ತಂದೆಯ ಹೆಸರೂ ಹಳ್ಳಿಯೂ ಸರಿ. ೧೯೧೬ರ ಆಗಸ್ಟ್ ತಿಂಗಳ ಒಂದು ದಿನಾಂಕ, ಬಸ್ರಾ ಸ್ಮಾರಕ. ಶರಣಾಗತಿಯಾಗಿ ನಾಲ್ಕು ತಿಂಗಳು ತುಂಬಿರಲಿಲ್ಲ. ಊರಿನ ಭಟ್ಟರು ಹಳೆಯ ಪಂಚಾಂಗ ತಿರುವಿ ತಿಥಿ ಹೇಳಿದರು, ಶ್ರಾವಣದಲ್ಲಿ ಬರುತ್ತದೆ. ಈಗ ಮನೆಯಲ್ಲಿ ಅವರ ಎಡೆಯನ್ನು ಅಂದು ಇಡುತ್ತಾರೆ.

ಟ್ರಂಕಿನಲ್ಲಿ ಪದಕವಿರುವವರು ಯಾವ ರವಿವಾರವಾದರೂ ಸಂಘದ ವಾಚನಾಲಯಕ್ಕೆ ತರಬಹುದು. ಭೂತಗನ್ನಡಿ ನಮ್ಮಲ್ಲಿದೆ, ಅರ್ಜಿಯನ್ನೂ ಬರೆದುಕೊಡುತ್ತೇವೆ.