ಹೇಳದೆ ಉಳಿದ ಕರ್ಮಪದ

ರೋಣದ ಸಂತೆಯಿಂದ ಮರಳುವ ರೈತನನ್ನು ದಾರಿಯಲ್ಲಿ ಯಾರೋ ‘ಜ್ವಾಳಾ ಮಾರಿದ್ರೇನ ಕಾಕಾ?’ ಎಂದು ಕೇಳುತ್ತಾರೆ. ‘ಹೂಂ, ಮಾರಿದೆ’ ಎನ್ನುತ್ತಾನೆ. ಜೋಳವೆಂಬ ಪದವಾಗಲಿ, ‘ಅದನ್ನು’ ಎಂಬ ಸರ್ವನಾಮವಾಗಲಿ ಆ ಉತ್ತರದಲ್ಲಿಲ್ಲ. ಆದರೂ ವಾಕ್ಯ ಪೂರ್ಣವಾಗಿದೆ. ಅವನ ಮಗ ಇಂಗ್ಲಿಷ್ ಪರೀಕ್ಷೆಯಲ್ಲಿ ‘ಐ ಸೋಲ್ಡ್’ ಎಂದಷ್ಟೇ ಬರೆದರೆ ಕೆಂಪು ಗೆರೆ ಬೀಳುತ್ತದೆ. ಅಲ್ಲಿ ‘ಇಟ್’ ಬೇಕು. ನರಗುಂದ, ಗಜೇಂದ್ರಗಡಗಳ ಶಾಲೆಗಳಲ್ಲಿಯೂ ಮಕ್ಕಳು ಎಡವುವ ಕಲ್ಲು ಇದು. ಈ ತಪ್ಪನ್ನು ಅಜ್ಞಾನವೆನ್ನುವುದು ಅನ್ಯಾಯ. ಆ ಹುಡುಗ ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ.

ಇಂಗ್ಲಿಷಿನಲ್ಲಿಯೂ ಕರ್ಮಪದವಿಲ್ಲದೆ ನಿಲ್ಲುವ ಸಕರ್ಮಕ ಧಾತುಗಳಿವೆಯಲ್ಲ ಎಂಬ ಆಕ್ಷೇಪ ಸಹಜ. ‘ಈಟ್’ ಒಂಟಿಯಾಗಿ ನಿಲ್ಲಬಲ್ಲದು. ಬಹುಮಟ್ಟಿಗೆ ಅದೇ ಅರ್ಥದ ‘ಡಿವೌರ್’ ನಿಲ್ಲಲಾರದು. ‘ಪುಟ್’ ಎಂಬುದಕ್ಕಂತೂ ಇಟ್ಟ ವಸ್ತುವೂ ಬೇಕು, ಇಟ್ಟ ಸ್ಥಳವೂ ಬೇಕು. ಈ ತೊಡಕಿಗೆ ಭರ್ತೃಹರಿಯ ‘ವಾಕ್ಯಪದೀಯ’ದಲ್ಲಿ ಒಳ್ಳೆಯ ಸುಳಿವಿದೆ. (ಇಲ್ಲಿಯ ಕರ್ಮ ಕಾರಕವೇ ಹೊರತು ಜ್ಞಾನಾವರಣೀಯಾದಿ ಎಂಟು ಕರ್ಮಗಳಲ್ಲವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.) ಸಕರ್ಮಕ ಧಾತು ಅಕರ್ಮಕವಾಗಲು ಆತ ನಾಲ್ಕು ಕಾರಣಗಳನ್ನು ಹೇಳುತ್ತಾನೆ: ಧಾತು ಬೇರೆ ಅರ್ಥದಲ್ಲಿ ಬಳಕೆಯಾಗುವುದು, ಕರ್ಮವು ಧಾತ್ವರ್ಥದೊಳಗೇ ಅಡಗಿರುವುದು, ಕರ್ಮವು ಪ್ರಸಿದ್ಧವಾಗಿರುವುದು, ವಕ್ತೃವಿಗೆ ಅದನ್ನು ಹೇಳುವ ವಿವಕ್ಷೆ ಇಲ್ಲದಿರುವುದು. ‘ಅವನು ಕುಡಿಯುತ್ತಾನೆ’ ಎಂದಾಗ ಕನ್ನಡಿಗನಿಗೆ ಹೊಳೆಯುವುದು ಹೆಂಡ, ಮಜ್ಜಿಗೆಯಲ್ಲ. ಇಂಗ್ಲಿಷಿನ ‘ಡ್ರಿಂಕ್’ಗೂ ಇದೇ ಗತಿ. ಇದು ಪ್ರಸಿದ್ಧಿ. ‘ಈಗ ತಾನೇ ಉಂಡೆ’ ಎಂಬಲ್ಲಿ ಉಂಡದ್ದೇನೆಂಬುದು ಮುಖ್ಯವಲ್ಲ, ಅದು ಅವಿವಕ್ಷೆ.

ರೈತನ ‘ಮಾರಿದೆ’ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವನ ಮನಸ್ಸಿನಲ್ಲಿ ಜೋಳ ಸ್ಪಷ್ಟವಾಗಿಯೇ ಇದೆ. ಪ್ರಶ್ನೆಯಲ್ಲಿ ಬಂದ ಪದವನ್ನು ಕೇಳುಗನೇ ಅಧ್ಯಾಹಾರ ಮಾಡಿಕೊಳ್ಳುತ್ತಾನೆ. ಇಂಗ್ಲಿಷ್ ಮೊದಲ ಬಗೆಯ ಮೌನವನ್ನು ಕೆಲವು ಧಾತುಗಳಿಗೆ ಅನುಮತಿಸುತ್ತದೆ. ಈ ಎರಡನೆಯದನ್ನು ಸಾಮಾನ್ಯವಾಗಿ ಒಪ್ಪದು. ಕನ್ನಡಕ್ಕೆ ಎರಡೂ ಸಲ್ಲುತ್ತವೆ. ಇವನ್ನು ಬೇರ್ಪಡಿಸದೆ ‘ಸಕರ್ಮಕಕ್ಕೆ ಕರ್ಮ ಬೇಕೇ ಬೇಕು’ ಎಂದು ಪಾಠ ಹೇಳುವುದರಿಂದಲೇ ಗೊಂದಲ. ‘ಈಟ್’ಗೆ ಬೇಡವಾದದ್ದು ‘ಸೋಲ್ಡ್’ಗೆ ಏಕೆ ಬೇಕೆಂದು ಹುಡುಗ ಕೇಳಿದರೆ ಆ ಪಾಠದಲ್ಲಿ ಉತ್ತರವಿಲ್ಲ.

ನಮ್ಮ ವೈಯಾಕರಣರು ಕನ್ನಡದ ಈ ಸ್ವಭಾವವನ್ನು ಇನ್ನೊಂದು ಬಾಗಿಲಿನಿಂದ ಕಂಡಿದ್ದರು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಸಮಾಸವನ್ನು ಹೇಳಿದ್ದಾನೆ. ಮೈದೊಳೆ, ಕೈಹಿಡಿ, ಕಣ್ಮುಚ್ಚು ಎಂಬಲ್ಲಿ ಕರ್ಮಪದವು ದ್ವಿತೀಯಾ ಪ್ರತ್ಯಯವನ್ನು ಕಳಚಿ ಕ್ರಿಯೆಯೊಡನೆ ಒಂದಾಗುತ್ತದೆ. ‘ಕೈಹಿಡಿದನು’ ಎಂದರೆ ಮದುವೆಯಾದನೆಂದೂ ಆಗುತ್ತದೆ; ಆಗ ಹೊಸ ಕರ್ಮವೊಂದು ಹೊರಗಿನಿಂದ ಬರುತ್ತದೆ: ‘ಅವಳನ್ನು ಕೈಹಿಡಿದನು’. ಒಂದು ಕರ್ಮವನ್ನು ಒಳಗೊಂಡೂ ಮತ್ತೊಂದನ್ನು ಬೇಡುವ ಈ ಕ್ರಿಯೆಯನ್ನು ಸಂಸ್ಕೃತದ ಅಳತೆಗೋಲಿನಿಂದಷ್ಟೇ ಅಳೆಯುವುದು ಕಷ್ಟ. ಕೇಶಿರಾಜ ಇದಕ್ಕೆ ಬೇರೆಯೇ ಹೆಸರಿಟ್ಟದ್ದು ಸಣ್ಣ ಕೆಲಸವಲ್ಲ.

ಪ್ರತ್ಯಯವನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬ ವಿವೇಕ ಶಾಸನಗಳಲ್ಲಿಯೂ ಕಾಣುತ್ತದೆ. ಅಕ್ಕಾದೇವಿಯ ಹೆಸರಿನೊಡನೆ ಬೆಸೆದ, ಗಜೇಂದ್ರಗಡಕ್ಕೆ ಸಮೀಪದ ಸೂಡಿಯೂ ಸೇರಿದಂತೆ ಈ ನಾಡಿನ ಶಾಸನಗಳನ್ನು ಓದುವ ವಿದ್ಯಾರ್ಥಿ ಗಮನಿಸಬೇಕು: ದಾನ ಬಿಟ್ಟ ಭೂಮಿಯನ್ನು ಎಣಿಸುವಾಗ ‘ಮತ್ತರ್’ ಎಂಬ ಅಳತೆಗೆ ಎಷ್ಟೋ ಕಡೆ ವಿಭಕ್ತಿಪ್ರತ್ಯಯವಿರುವುದಿಲ್ಲ. ಕೊನೆಯ ಶಾಪಾಶಯಕ್ಕೆ ಬಂದಾಗ ಮಾತ್ರ ‘ಇದನ್’ ಎಂದೋ ‘ಈ ಧರ್ಮಮಂ’ ಎಂದೋ ಕರ್ಮಪದ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ದಾನದ ವಿವರವೆಲ್ಲ ಮೇಲೆಯೇ ಬಂದಿದ್ದರೂ, ‘ಅಳಿದವನು’ ಏನನ್ನು ಅಳಿದನೆಂಬುದನ್ನು ಮುಂದಿನ ಕಾಲದ ಓದುಗನ ಅಧ್ಯಾಹಾರಕ್ಕೆ ಬಿಡಲು ದಾನಿಗೆ ಧೈರ್ಯವಿರಲಿಲ್ಲ.